ಬಸವನಗುಡಿಯ ಹಿಂಬೀದಿ

ಬೆಂಗಳೂರಿನಲ್ಲಿ ‘ನಮ್ಮದು ಬಸವನಗುಡಿ’ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಗಾಂಭೀರ್ಯವುಂಟು. ವಿಳಾಸವನ್ನು ತಿಳಿಸುವ ನೆವದಲ್ಲಿ ಮನೆತನ, ವಿದ್ಯೆ, ಸಂಗೀತದ ಅಭಿರುಚಿ, ಬೆಳಗಿನ ಕಾಫಿಯ ಹದ ಇಷ್ಟನ್ನೂ ಸೂಚಿಸಿದಂತಾಗುತ್ತದೆ. ಇಂದು ಇದು ಮಹಾನಗರದ ಒಡಲಿನೊಳಗಿರುವ ಅನುಕೂಲಸ್ಥರ ಬಡಾವಣೆ. 2017ರಿಂದ ಮೆಟ್ರೋ ರೈಲೂ ಇದರ ಮಗ್ಗುಲಿಗೆ ಬಂದಿದೆ. ಆದರೆ ಇದು ಹುಟ್ಟಿದುದು ಊರಿನ ಹೊರಗೆ.

ಇಲ್ಲಿಯ ನೆಲ ಹಿಂದೆ ಸುಂಕೇನಹಳ್ಳಿಗೆ ಸೇರಿದುದು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳು. ದಿಣ್ಣೆಯ ಮೇಲೆ ಏಕಶಿಲೆಯ ದೊಡ್ಡ ಬಸವ. ಬೆಳೆಯನ್ನು ಮೇದು ಹೋಗುತ್ತಿದ್ದ ಗೂಳಿಯೇ ಕಲ್ಲಾಗಿ ನಿಂತಿತೆಂಬ ಕಥೆಯನ್ನು ಶ್ರೋತೃಗಳು ಬಲ್ಲರು. ಹೊಲಗಳು ಹೋದುವು, ಪರಿಷೆ ಉಳಿಯಿತು. ಕಾರ್ತಿಕದ ಕಡೆಯ ಸೋಮವಾರ ಬಸವನಿಗೆ ಒಪ್ಪಿಸುವ ಕಾಯಿ ಈಗ ಪರಸ್ಥಳಗಳಿಂದ ಬರುತ್ತದೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೊಸ ಬಡಾವಣೆಯ ನಕ್ಷೆ ಸಿದ್ಧವಾಯಿತು. ಅದಕ್ಕೆ ಜನರು ಮುಗಿಬೀಳುವಂತೆ ಮಾಡಿದುದು ಮಾತ್ರ ಪ್ಲೇಗು. 1898ರ ಆಗಸ್ಟಿನಲ್ಲಿ ಆ ಮಾರಿ ಬೆಂಗಳೂರನ್ನು ಹೊಕ್ಕಿತು. ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದುವು, ಗಾಳಿಬೆಳಕು ವಿರಳ. ಅಟ್ಟದಿಂದ ಇಲಿ ಬಿದ್ದಿತೆಂದರೆ ಮನೆಮಂದಿ ಗಂಟುಮೂಟೆ ಕಟ್ಟಿ ಊರಾಚೆಯ ಗುಡಿಸಲುಗಳಿಗೆ ಓಡುತ್ತಿದ್ದರು. ಇಂಥವರಿಗೆ ನೇರವಾದ ಅಗಲ ಬೀದಿ, ಮನೆಯ ಸುತ್ತ ಬಯಲು, ತೆಂಗು ಮಾವುಗಳಿಗೆ ಎಡೆ, ಇವೆಲ್ಲ ಭೋಗವಾಗಿ ಕಾಣಲಿಲ್ಲ, ಜೀವರಕ್ಷೆಯಾಗಿ ಕಂಡುವು. ಹೆಸರಘಟ್ಟದ ನೀರು 1896ರ ವೇಳೆಗೆ ಕೊಳಾಯಿಯಲ್ಲಿ ನಗರಕ್ಕೆ ಬಂದಿದ್ದಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದುವು.

ಪೇಟೆಯಿಂದ ಬಂದವರು ರೋಗವನ್ನು ಹಿಂದೆ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ಹೊಸ ಬಡಾವಣೆಗಳ ಭಾಗಗಳನ್ನು ಹಂಚುವಾಗ ಮತಪಂಗಡಗಳನ್ನು ನೋಡಲಾಯಿತು. ಪ್ಲೇಗಿನ ಇಲಿಗಾದರೋ ಈ ವಿವೇಚನೆ ಇರಲಿಲ್ಲ!

ಆ ನಕ್ಷೆಯಲ್ಲಿ ನನಗೆ ಅತ್ಯಂತ ಅರ್ಥಗರ್ಭಿತವಾಗಿ ತೋರುವುದು ಮುಂದಿನ ಬೀದಿಯಲ್ಲ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಹಾದುಹೋಗುವ ಕಿರಿದಾದ ಓಣಿ. ಜನರು ಇದನ್ನು ಕನ್ಸರ್ವೆನ್ಸಿ ಎಂದೇ ಕರೆದರು. ಒಳಚರಂಡಿಯಿಲ್ಲದ ಆ ದಿನಗಳಲ್ಲಿ ಕಕ್ಕಸು ಹಿತ್ತಿಲ ಕೊನೆಯಲ್ಲಿರುತ್ತಿದ್ದಿತು. ಜಲಗಾರನು ಓಣಿಯಿಂದ ಬಂದು, ಹಿಂದಿನ ಕಿಂಡಿಯಿಂದ ಮಲವನ್ನು ತೆಗೆದುಕೊಂಡು, ಓಣಿಯಿಂದಲೇ ಹೊರಟುಹೋಗಬೇಕು. ಜಗಲಿಯ ಮೇಲೆ ವೇದಾಂತವನ್ನೋ ಮಿಲ್ ಪಂಡಿತನ ಸ್ವಾತಂತ್ರ್ಯವಾದವನ್ನೋ ಚರ್ಚಿಸುತ್ತಿದ್ದ ಯಜಮಾನರಿಗೆ ಅವನ ಮುಖವನ್ನು ಕಾಣುವ ಪ್ರಸಂಗವೇ ಒದಗದಂತೆ ಇಂಜಿನಿಯರರು ಗೆರೆ ಎಳೆದಿದ್ದರು. ನೈರ್ಮಲ್ಯಶಾಸ್ತ್ರವೂ ಮಡಿಯೂ ಇಷ್ಟು ಸಲೀಸಾಗಿ ಕೈಹಿಡಿದು ನಡೆದ ದಾರಿ ಬೇರೊಂದು ಇರಲಾರದು.

ಇದರಿಂದ ಬಡಾವಣೆಯ ಹಿರಿಮೆ ಸುಳ್ಳಾಗುವುದಿಲ್ಲ. 1943ರಲ್ಲಿ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆಯಿತು. 1945ರಲ್ಲಿ ಡಿ.ವಿ.ಜಿ.ಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ನೆರೆಯ ಗವಿಪುರದಲ್ಲಿ ಮಾಸ್ತಿಯವರ ಮನೆ. ದೋಸೆ, ರಾಜಕೀಯ ಮೀಮಾಂಸೆ, ಸಣ್ಣಕಥೆ ಇವು ಮೂರೂ ನಡೆದು ತಲುಪುವಷ್ಟು ದೂರದಲ್ಲಿ ದೊರೆಯುವುದು ಸಾಮಾನ್ಯ ಭಾಗ್ಯವಲ್ಲ. ಈ ಬಿಡುವೂ ಸ್ವಚ್ಛತೆಯೂ ಯಾರ ದುಡಿಮೆಯಿಂದ ಬಂದುವೆಂಬ ಪ್ರಶ್ನೆಯೂ ಅಷ್ಟೇ ದೂರದಲ್ಲಿದ್ದಿತು.

1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. 1974ರಲ್ಲಿ ಕಾವೇರಿಯ ನೀರು ನಗರಕ್ಕೆ ಬಂದಿತು. ಒಳಚರಂಡಿ ಹರಡಿದಂತೆಲ್ಲ ಓಣಿಗಳಿಗೆ ಕೆಲಸವಿಲ್ಲದಾಯಿತು. ಈಗ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಅವುಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರಲ್ಲಿ ಎಷ್ಟೋ ಮಂದಿ ದೂರದ ಕೇರಿಗಳಿಂದ ಬಸ್ಸು ಹಿಡಿದು ಬರುತ್ತಾರೆ. ಕೆಲವು ಓಣಿಗಳು ಮನೆಗಳೊಳಗೆ ಸೇರಿಹೋಗಿವೆ, ಕೆಲವು ಮೋಟಾರುಗಳ ತಂಗುದಾಣವಾಗಿವೆ. ಉಳಿದಿರುವ ಓಣಿಗಳಲ್ಲಿ ನಡೆದು ನೋಡಿದರೆ, ಹಳೆಯ ಗೋಡೆಗಳಲ್ಲಿ ಮೊಣಕಾಲೆತ್ತರದ ಕಿಂಡಿಗಳಿದ್ದ ಸ್ಥಳ ಕಾಣುತ್ತದೆ. ಅವುಗಳಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಗಾರೆಯ ಬಣ್ಣ ಮಾತ್ರ ಬೇರೆ.