ಪದ ಪರಿಚಯ: ಹಾಫ್‌ಟೋನ್

ಕಟ್ಟಡ ವಿನ್ಯಾಸದ ತಂತ್ರಾಂಶ ರೆವಿಟ್‌ನಲ್ಲಿ ಒಂದು ಗೋಡೆಯನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ ‘ಓವರ್‌ರೈಡ್ ಗ್ರಾಫಿಕ್ಸ್ ಇನ್ ವ್ಯೂ’ಗೆ ಹೋದರೆ ಹಾಫ್‌ಟೋನ್ ಎಂಬ ಪುಟ್ಟ ಚೌಕ ಸಿಗುತ್ತದೆ. ಟಿಕ್ ಹಾಕಿದರೆ ಆ ಗೋಡೆಯೊಂದೇ ಮಂಕಾಗುತ್ತದೆ; ಬೇರೆ ವ್ಯೂಗಳಲ್ಲಿ ಅದಕ್ಕೇನೂ ಆಗುವುದಿಲ್ಲ. ಹೊಸ ಗೋಡೆ ಎದ್ದು ಕಾಣಲೆಂದು ಹಳೆಯದನ್ನು ಹೀಗೆ ಹಿಂದೆ ಸರಿಸುತ್ತಾರೆ.

ಪದ ಬಂದದ್ದು ಅಚ್ಚುಕೂಟದಿಂದ. ಅಚ್ಚಿನ ಯಂತ್ರಕ್ಕೆ ಬೂದು ಗೊತ್ತಿಲ್ಲ, ಶಾಯಿ ಉಂಟು ಇಲ್ಲವೇ ಇಲ್ಲ. ಹಾಗಾಗಿ ಫೋಟೋವನ್ನು ಜಾಲರಿಯ ಮೂಲಕ ಹಾಯಿಸಿ ಚುಕ್ಕಿಗಳಾಗಿ ಒಡೆದರು: ದಪ್ಪ ಚುಕ್ಕಿ ನೆರಳು, ಸಣ್ಣ ಚುಕ್ಕಿ ಬೆಳಕು. ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪತ್ರಿಕೆ 1880ರಲ್ಲೇ ಹೀಗೆ ಫೋಟೋ ಅಚ್ಚು ಹಾಕಿತ್ತು. ಮೊಳೆ ಜೋಡಿಸುವ ಕಾಲದ ನಮ್ಮ ಮುದ್ರಕರೂ ‘ಹಾಫ್‌ಟೋನ್ ಬ್ಲಾಕ್’ ಮಾಡಿಸುತ್ತಿದ್ದರು. ತಮಾಷೆಯೆಂದರೆ, ರೆವಿಟ್‌ನ ಹಾಫ್‌ಟೋನಿನಲ್ಲಿ ಚುಕ್ಕಿಯೇ ಇಲ್ಲ! ಗೆರೆಯ ಬಣ್ಣಕ್ಕೆ ಹಿನ್ನೆಲೆಯ ಬಣ್ಣ ಬೆರೆಸುತ್ತದೆ, ಅಷ್ಟೆ.