ಪೆಕ್ಸ್ ಇಲ್ಲದವನ ಎದೆ

ಹೋದ ತಿಂಗಳು ಜಿಮ್ ಸೇರಿದೆ. ದಿನವಿಡೀ ಬೆನ್ನು ಬಗ್ಗಿಸಿ ಕೋಡ್ ಬರೆಯೋ ನನ್ನನ್ನ ಮೇಲಿಂದ ಕೆಳಗೆ ನೋಡಿದ ಟ್ರೈನರ್, "ಸಾರ್, ನಿಮಗೆ ಪೆಕ್ಸೇ ಇಲ್ವಲ್ಲ!" ಅಂದ. ಇರಬೇಕಾದ್ದೇನೋ ಇಲ್ಲ ಅಂತ ಗೊತ್ತಾಯ್ತು, ಅದೇನು ಅಂತ ಗೊತ್ತಾಗಲಿಲ್ಲ. ಮನೆಗೆ ಬಂದು ಹುಡುಕಿದೆ.

ಪೆಕ್ಸ್ ಅಂದ್ರೆ 'ಪೆಕ್ಟೊರಲ್ಸ್' ಅನ್ನೋದರ ಮೊಟಕು ರೂಪ. ಎದೆಯ ಎರಡೂ ಬದಿ ಬೀಸಣಿಗೆಯಂತೆ ಹರಡಿ ತೋಳಿನ ಮೂಳೆಗೆ ಸೇರುವ ಸ್ನಾಯು 'ಪೆಕ್ಟೊರಾಲಿಸ್ ಮೇಜರ್'. ಅದರಡಿ ಅಡಗಿರೋದು 'ಮೈನರ್'. ದಂಡ ಹೊಡೆಯುವಾಗ ಮುಖ್ಯವಾಗಿ ದುಡಿಯೋದು ಮೇಜರ್.

1543ರಲ್ಲಿ ವೆಸಾಲಿಯಸ್ ತನ್ನ ಪ್ರಸಿದ್ಧ ಅಂಗರಚನಾ ಗ್ರಂಥ ಪ್ರಕಟಿಸಿದಾಗ ಸ್ನಾಯುಗಳನ್ನ ಹೆಚ್ಚಾಗಿ ಒಂದು, ಎರಡು ಅಂತ ನಂಬರಿನಲ್ಲೇ ಕರೆದ. (ನಮ್ಮ ಆಫೀಸಿನ ಹಳೇ ಕೋಡಿನ ವೇರಿಯಬಲ್‌ಗಳ ಹಾಗೆ!) ಲ್ಯಾಟಿನ್ ಹೆಸರುಗಳು ನೆಲೆಯಾಗಿದ್ದು ಆಮೇಲೆ. 'ಪೆಕ್ಟಸ್' ಅಂದ್ರೆ ಎದೆ. ಬಿಷಪ್‌ಗಳು ಎದೆ ಮೇಲೆ ಧರಿಸೋ ಶಿಲುಬೆಯೂ ಪೆಕ್ಟೊರಲ್ ಶಿಲುಬೆಯೇ. 1840ರ ದಶಕದಲ್ಲಿ ಅಮೆರಿಕದಲ್ಲಿ ಬಂದ 'ಏಯರ್ಸ್ ಚೆರ್ರಿ ಪೆಕ್ಟೊರಲ್' ಅನ್ನೋದು ಕೆಮ್ಮಿನ ಔಷಧಿ! ನಮ್ಮ ಮನೆಯ ಕೆಮ್ಮಿನ ಬಾಟಲಿ ಮೇಲಿರೋ 'ಎಕ್ಸ್‌ಪೆಕ್ಟೊರೆಂಟ್' ಕೂಡ ಇದೇ ಬೇರಿನದು. ಎದೆಯಿಂದ ಹೊರಹಾಕಿಸೋದು ಅಂತ ಅರ್ಥ.

ಆಮೇಲೆ ಬಂತು ಕ್ಯಾಲಿಫೋರ್ನಿಯಾ. 1930ರ ದಶಕದಲ್ಲಿ ಸಾಂಟಾ ಮೋನಿಕಾದ ಮಸಲ್ ಬೀಚ್, 1965ರಲ್ಲಿ ವೆನಿಸ್‌ನಲ್ಲಿ ಜೋ ಗೋಲ್ಡ್ ತೆರೆದ ಜಿಮ್, 1977ರಲ್ಲಿ 'ಪಂಪಿಂಗ್ ಐರನ್' ಚಿತ್ರ. ಕಬ್ಬಿಣ ಎತ್ತೋರಿಗೆ ಲ್ಯಾಟಿನ್ ಪೂರ್ತಿ ಹೇಳೋಕೆ ಪುರುಸೊತ್ತೆಲ್ಲಿ? ಆಬ್ಸ್, ಲ್ಯಾಟ್ಸ್, ಡೆಲ್ಟ್ಸ್, ಪೆಕ್ಸ್ ಎಲ್ಲಾ ಈ ಲೋಕದ ಮಾತು.

ಮೊಟಕಾಗುವಾಗ ಒಂದು ಅರ್ಥ ಕಳೆದುಹೋಯ್ತು. ಲ್ಯಾಟಿನ್ನರ ಪೆಕ್ಟಸ್‌ನಲ್ಲಿ ಮನಸ್ಸು, ಧೈರ್ಯ ಎರಡೂ ಇದ್ದವು. ಪೆಕ್ಸ್‌ನಲ್ಲಿ ಉಳಿದದ್ದು ಮಾಂಸ ಮಾತ್ರ. ನಮ್ಮ 'ಎದೆ' ಮಾತ್ರ ಇನ್ನೂ ಹಾಗೇ ಇದೆ. ಎದೆಗುಂದಬೇಡ ಅಂತೀವಿ, ಎದೆ ಒಡೆದುಹೋಯ್ತು ಅಂತೀವಿ. ಎದೆಗಾರ ಅನ್ನೋಕೆ ಯಾರೂ ಟೇಪು ಹಿಡಿದು ಅಳೆಯಲ್ಲ.

ನಮ್ಮ ತಾತ ಕಡ್ಡಿಯ ಹಾಗಿದ್ರು. ಅಂಗಿ ಬಿಚ್ಚಿದ್ರೆ ಪಕ್ಕೆಲುಬು ಎಣಿಸಬಹುದಿತ್ತು. ಪಕ್ಕದ ಮನೆ ಹುಡುಗ ಬಾವಿಗೆ ಬಿದ್ದಾಗ ದಾಂಡಿಗರೆಲ್ಲ ಕಟ್ಟೆ ಮೇಲೆ ಕೂಗಾಡ್ತಾ ನಿಂತಿದ್ರಂತೆ, ಇಳಿದದ್ದು ತಾತ. ಹುಡುಗ ಉಳಿದ. ಅವತ್ತಿಂದ ಊರವರು ಅವರನ್ನ ಎದೆಗಾರ ಅಂತಲೇ ಕರೀತಿದ್ರು.

ಟ್ರೈನರ್ ನೋಡಿದ್ರೆ ಅವರಿಗೂ ಪೆಕ್ಸ್ ಇಲ್ಲ ಅಂತಿದ್ದನೇನೋ.

ನಾಳೆ ನಾನು ಜಿಮ್ಮಿಗೆ ಹೋಗೇ ಹೋಗ್ತೀನಿ, ಮೂರು ತಿಂಗಳ ದುಡ್ಡು ಕಟ್ಟಿಯಾಗಿದೆ :) ಅಂದಹಾಗೆ, ನಿಮ್ಮೂರ ಗರಡಿಯಲ್ಲಿ ಈ ಸ್ನಾಯುಗೆ ಏನಂತಾರೆ? ಗೊತ್ತಿದ್ರೆ ಹೇಳಿ.