ಜೈಲಿನ ಹೊರಗಿನ ಜೈಲು: ಧಾರವಾಡ ಸೀಮೆಯಲ್ಲಿ ಶಿಕ್ಷೆ, ಸೆಟ್ಲ್‌ಮೆಂಟ್ ಮತ್ತು ಪರ್ಯಾಯದ ಪ್ರಶ್ನೆ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಶಿಕ್ಷೆಗಳ ಪಟ್ಟಿಗೆ ‘ಸಮುದಾಯ ಸೇವೆ’ಯನ್ನು ಸೇರಿಸಿತು. ಸೆರೆಮನೆಗೆ ಪರ್ಯಾಯವೊಂದು ನಮ್ಮ ದಂಡಸಂಹಿತೆಯೊಳಗೆ ಮೊದಲ ಬಾರಿಗೆ ಕಾಲಿಟ್ಟಿತೆಂದು ಅನೇಕರು ಬರೆದರು. ದಂಡವನ್ನು ಬಿಟ್ಟರೆ ಸಂಹಿತೆಯ ಮಟ್ಟಿಗೆ ಅದು ಸರಿ, ಇತಿಹಾಸದ ಮಟ್ಟಿಗೆ ಅಲ್ಲ. ಧಾರವಾಡ ಜಿಲ್ಲೆಯೊಂದನ್ನೇ ನೋಡಿದರೂ ಜೈಲಿನ ಬದಲು ಬೇರೇನಾದರೂ ಮಾಡಬೇಕೆಂಬ ಯತ್ನಗಳು ನೂರು ವರ್ಷಗಳ ಹಿಂದೆಯೇ ನಡೆದಿವೆ. ಅವುಗಳಲ್ಲಿ ಅತಿ ದೊಡ್ಡದು ‘ಅಪರಾಧಿ’ ಎನಿಸಿಕೊಂಡ ಸಮುದಾಯಗಳ ಕುಟುಂಬಗಳನ್ನು ಇರಿಸಿದ ಹುಬ್ಬಳ್ಳಿಯ ಸೆಟ್ಲ್‌ಮೆಂಟ್. ಅದು ಜೈಲನ್ನು ಕಿರಿದು ಮಾಡಲಿಲ್ಲ; ಜೈಲಿಗೆ ಹೋಗಬೇಕಾಗಿರದವರಿಗೂ ಬೇಲಿ ಹಾಕಿತು. ಇಂದಿನ ಪರ್ಯಾಯಗಳನ್ನು ಆ ಅನುಭವದ ಬೆಳಕಿನಲ್ಲಿ ಅಳೆಯಬೇಕೆಂಬುದು ಈ ಲೇಖನದ ವಾದ.

ಹಿಂದಿನ ಕಾಲದಿಂದ ತೊಡಗುವುದಾದರೆ, ಈ ಸೀಮೆಯ ಶಾಸನಗಳಲ್ಲಿ ಸೆರೆವಾಸಕ್ಕಿಂತ ಹೆಚ್ಚಾಗಿ ಕಾಣುವುದು ದಂಡ. ಲಕ್ಷ್ಮೇಶ್ವರದಲ್ಲಿ, ಅಂದರೆ ಆಗಿನ ಪುಲಿಗೆರೆಯಲ್ಲಿ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಪಾದದಲ್ಲಿ ಅಲ್ಲಿಯ ಮಹಾಜನರಿಗೂ ನಗರಕ್ಕೂ ಕೊಟ್ಟ ವ್ಯವಸ್ಥೆಯಲ್ಲಿ ಕಳವು ಮತ್ತು ಸಣ್ಣ ತಪ್ಪುಗಳ ದಂಡದ ಪ್ರಸ್ತಾಪವಿದೆ. ಅಣ್ಣಿಗೇರಿಯಿಂದ ಬಹಳ ದೂರವಲ್ಲದ ಕೋಟುಮಚಗಿಯ 1012ರ ಶಾಸನ ಇನ್ನೂ ಸ್ಪಷ್ಟ. ಐದನೆಯ ವಿಕ್ರಮಾದಿತ್ಯನ ಕಾಲದ ಈ ಅಗ್ರಹಾರ ಶಾಸನವು ಬೈದರೆ ಇಷ್ಟು, ಹೊಡೆದರೆ ಇಷ್ಟು, ಕಠಾರಿ ಹಿರಿದರೆ ಇಷ್ಟು, ಇರಿದರೆ ಇಷ್ಟು ಎಂದು ಪಣದಿಂದ ಗದ್ಯಾಣದವರೆಗೆ ದಂಡವನ್ನು ಏರಿಸುತ್ತ ಹೋಗುತ್ತದೆ. ತಪ್ಪಿನ ತೂಕಕ್ಕೆ ತಕ್ಕ ಶಿಕ್ಷೆಯ ಲೆಕ್ಕಾಚಾರ ನಮಗೆ ಬ್ರಿಟಿಷರು ಕಲಿಸಿದ್ದೆಂದು ನಂಬುವವರು ಈ ಕಲ್ಲನ್ನೊಮ್ಮೆ ಓದಬೇಕು.

ಆದರೆ ಹಳೆಯದೆಲ್ಲ ಹೊನ್ನಲ್ಲ. ಊರಿನ ಪಂಚರು ದಂಡ ಹಾಕಿ ಮುಚ್ಚಳಿಕೆ ಬರೆಸಿಕೊಂಡು ಜಗಳ ಹರಿಸುತ್ತಿದ್ದರೆಂಬುದು ನಿಜ. ಕಲಘಟಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ನಾಯಕ, ಕಾರಭಾರಿ, ಡಾವ ಕೂಡಿದ ನಸಾಬು ಎಂಬ ಸಭೆ ಕಳವಿನಿಂದ ಹಿಡಿದು ಮದುವೆಯ ವ್ಯಾಜ್ಯದವರೆಗೆ ತೀರ್ಮಾನ ಕೊಡುತ್ತಿತ್ತು. ಅಲ್ಲಿ ತಪ್ಪಿತಸ್ಥನ ಎತ್ತು ಕೊಟ್ಟಿಗೆಯಲ್ಲೇ ಉಳಿಯುತ್ತಿತ್ತು, ಹೊಲ ಬೀಳು ಬೀಳುತ್ತಿರಲಿಲ್ಲ. ಆದರೆ ಅದೇ ಪಂಚಾಯ್ತಿಯ ಕೈಯಲ್ಲಿ ಬಹಿಷ್ಕಾರವೂ ಇತ್ತು. ನೀರು, ಬೆಂಕಿ, ಕ್ಷೌರ, ಕೂಲಿ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಆ ಶಿಕ್ಷೆ ದಲಿತರ ಮೇಲೆ ಮತ್ತು ಹೆಣ್ಣುಮಕ್ಕಳ ಮೇಲೆ ಬಿದ್ದಾಗ ಜೈಲಿಗಿಂತ ಕಠೋರವಾಗಿರುತ್ತಿತ್ತು. ಊರ ನ್ಯಾಯವನ್ನು ಪರ್ಯಾಯವೆಂದು ಹೊಗಳುವ ಪ್ರಬಂಧಗಳು ಈ ಮಾತನ್ನು ಸಾಮಾನ್ಯವಾಗಿ ದಾಟಿಹೋಗುತ್ತವೆ.

1817–18ರಲ್ಲಿ ಥಾಮಸ್ ಮನ್ರೋ ಪೇಶ್ವೆಯ ಕೈಯಿಂದ ಈ ಪ್ರಾಂತ್ಯವನ್ನು ಕಿತ್ತುಕೊಂಡ ಮೇಲೆ ಶಿಕ್ಷೆಯ ಕೇಂದ್ರ ನಿಧಾನವಾಗಿ ಊರಿನಿಂದ ಜಿಲ್ಲಾ ಕಚೇರಿಯ ಕಡೆಗೆ ಸರಿಯಿತು. 1860ರ ದಂಡಸಂಹಿತೆ ಸೆರೆವಾಸವನ್ನೇ ಮುಖ್ಯ ಶಿಕ್ಷೆಯನ್ನಾಗಿಸಿತು. ಆದರೂ ಹಳ್ಳಿಯ ಮಟ್ಟದಲ್ಲಿ ಒಂದು ಸಣ್ಣ ಕಿಂಡಿ ಉಳಿದಿತ್ತು. ಮುಂಬಯಿಯ 1867ರ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಬೈಗುಳ, ಸಣ್ಣ ಹೊಡೆದಾಟಗಳಿಗೆ ಪೊಲೀಸ್ ಪಾಟೀಲನೇ 24 ತಾಸಿನವರೆಗೆ ಚಾವಡಿಯಲ್ಲಿ ಕೂರಿಸಬಹುದಿತ್ತು. ಜಿಲ್ಲೆಯ ಹಳ್ಳಿಗಳೆಲ್ಲ ಒಂದೇ ಆಡಳಿತದಲ್ಲಿರಲಿಲ್ಲ ಎಂಬುದನ್ನೂ ನೆನೆಯಬೇಕು. ನವಲಗುಂದ, ಅಣ್ಣಿಗೇರಿ, ಕಲಘಟಗಿ ಮುಂಬಯಿ ಸರಕಾರಕ್ಕೆ ಸೇರಿದ್ದರೆ ಕುಂದಗೋಳ 1948ರವರೆಗೆ ಜಮಖಂಡಿ ಸಂಸ್ಥಾನದ ತಾಲ್ಲೂಕು. ಅಂಥದೇ ಇನ್ನೊಂದು ದಕ್ಷಿಣ ಸಂಸ್ಥಾನವಾದ ಔಂಧ್ 1930ರ ದಶಕದ ಕೊನೆಯಲ್ಲಿ ಆಟಪಾಡಿ ಬಳಿಯ ಸ್ವತಂತ್ರಪುರದಲ್ಲಿ ಬೇಲಿಯಿಲ್ಲದ ಬಂದೀಖಾನೆಯನ್ನು ನಡೆಸಿ ತೋರಿಸಿತು. ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಅದೇ. ಮುಂಬಯಿ ಪ್ರಾಂತ್ಯ ಹಿಡಿದ ಹಾದಿ ಬೇರೆ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1911ರ ಹೊಸ ಕಾಯ್ದೆಯಿಂದ ಅದರ ವ್ಯಾಪ್ತಿ ಇಡೀ ಬ್ರಿಟಿಷ್ ಭಾರತಕ್ಕೆ ಚಾಚಿತು. 1924ರಲ್ಲಿ ಮತ್ತೆ ಕ್ರೋಡೀಕರಣಗೊಂಡಿತು. ಸರಕಾರ ಒಂದು ಸಮುದಾಯವನ್ನು ‘ಅಪರಾಧಿ’ ಎಂದು ಪ್ರಕಟಿಸಿದರೆ ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಣಿ, ಬೆರಳಚ್ಚು, ನಿಗದಿತ ಹೊತ್ತಿಗೆ ಹಾಜರಿ. ಪಟ್ಟಿಯಲ್ಲಿದ್ದವನು ಊರು ಬಿಟ್ಟರೆ ವರದಿ ಮಾಡುವ ಹೊಣೆ ಊರಿನ ಮುಖ್ಯಸ್ಥ ಮತ್ತು ಕಾವಲುಗಾರರ ಮೇಲೆ. ಚಾವಡಿಯಲ್ಲಿ ಒಂದು ದಿನ ಕೂರಿಸಿ ಬಿಡುತ್ತಿದ್ದ ಪಾಟೀಲನೇ ಈಗ ಜೀವಮಾನದ ಹಾಜರಿಗೆ ಸಾಕ್ಷಿಯಾದ. ನಿಗದಿತ ಅಪರಾಧಗಳಲ್ಲಿ ಎರಡನೆಯ ಬಾರಿ ಸಿಕ್ಕಿಬಿದ್ದರೆ, ವಿಶೇಷ ಕಾರಣ ಇಲ್ಲದಿದ್ದಲ್ಲಿ, ಕನಿಷ್ಠ 7 ವರ್ಷ ಸೆರೆ. ಮೂರನೆಯ ಬಾರಿಗೆ ಆಜೀವ ಗಡಿಪಾರು. ಕದಿಯಲು ಹೊಂಚು ಹಾಕುತ್ತಿದ್ದನೆಂದು ನ್ಯಾಯಾಲಯಕ್ಕೆ ಅನ್ನಿಸಿದರೂ ಸಾಕು, 3 ವರ್ಷದವರೆಗೆ ಶಿಕ್ಷೆ.

ಈ ಕಾಯ್ದೆಯ ಇನ್ನೊಂದು ಮುಖವೇ ಸೆಟ್ಲ್‌ಮೆಂಟ್. ಬಿಜಾಪುರದಲ್ಲಿ ಐಸಿಎಸ್ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್ ಆರಂಭಿಸಿದ ಪ್ರಯೋಗ ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಕೊರವ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ ಮೊದಲಾದ ಸಮುದಾಯಗಳ ಕುಟುಂಬಗಳನ್ನು ಕರ್ನಾಟಕದ ಹಳ್ಳಿ-ಬಯಲುಗಳಿಂದ ತಂದು ಇಂಥ ಬೇಲಿಗಳೊಳಗೆ ಇರಿಸಲಾಯಿತು. ಹುಬ್ಬಳ್ಳಿಯನ್ನು ಆರಿಸಿದ್ದರಲ್ಲಿ ಲೆಕ್ಕಾಚಾರವಿತ್ತು. ಅಲ್ಲಿ ಹತ್ತಿ ಗಿರಣಿಯಿತ್ತು, ರೈಲ್ವೆ ಕಾರ್ಖಾನೆಯಿತ್ತು, ಎರಡಕ್ಕೂ ಆಳು ಬೇಕಿತ್ತು. ಹಗಲು ಗಿರಣಿಯ ಪಾಳಿ, ರಾತ್ರಿ ಹಾಜರಿ, ಪಾಸಿಲ್ಲದೆ ಹೊರಗೆ ಹೆಜ್ಜೆಯಿಡುವಂತಿಲ್ಲ. ಕಾಯ್ದೆಯು ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನೂ ಕೊಟ್ಟಿತ್ತು.

ಸ್ಟಾರ್ಟ್ ಕ್ರೂರಿಯಾಗಿರಲಿಲ್ಲ. ಈ ಜನ ಹುಟ್ಟು ಕಳ್ಳರಲ್ಲ, ದುಡಿಮೆಯ ದಾರಿ ಸಿಕ್ಕರೆ ಬದಲಾಗುತ್ತಾರೆ ಎಂದು ಅವನು ನಂಬಿದ್ದ. 1930ರಲ್ಲಿ ವರದಿ ಕೊಟ್ಟ ಮುಂಬಯಿ ಪ್ರಾಂತ್ಯದ ಹಿಂದುಳಿದ ವರ್ಗಗಳ ಸಮಿತಿಗೆ ಅವನೇ ಅಧ್ಯಕ್ಷ, ಡಾ. ಅಂಬೇಡ್ಕರ್ ಅದರ ಸದಸ್ಯರಲ್ಲೊಬ್ಬರು. ಸೆಟ್ಲ್‌ಮೆಂಟ್‌ನಲ್ಲಿ ಶಾಲೆಯಿತ್ತು, ಕೂಲಿ ಸಿಗುತ್ತಿತ್ತು; ನಡತೆ ಒಳ್ಳೆಯದೆಂದು ಅಧಿಕಾರಿಗೆ ಕಂಡರೆ ಹೊರಗೆ ಬಿಡುವ ಕ್ರಮವೂ ಇತ್ತು. ಸಂಶೋಧಕರನ್ನು ಗೊಂದಲಕ್ಕೆ ಕೆಡಹುವುದು ಈ ಸದುದ್ದೇಶವೇ. ಆದರೆ ಕಳವು ಮಾಡಿ ಧಾರವಾಡದ ಜೈಲಿಗೆ ಹೋದವನಿಗೆ ಬಿಡುಗಡೆಯ ತಾರೀಖು ಗೊತ್ತಿತ್ತು. ಏನೂ ಮಾಡದೆ ಹುಬ್ಬಳ್ಳಿಯ ಬೇಲಿಯೊಳಗೆ ಹುಟ್ಟಿದ ಮಗುವಿಗೆ ಅಂಥ ತಾರೀಖಿರಲಿಲ್ಲ. ಶಿಕ್ಷೆಗೆ ಮೊದಲು ಅಪರಾಧ ಸಾಬೀತಾಗಬೇಕೆಂಬ ನಿಯಮವನ್ನು ‘ಸುಧಾರಣೆ’ಯ ಹೆಸರಿನಲ್ಲಿ ಬಿಟ್ಟುಬಿಡಲಾಗಿತ್ತು. ಕೈಕೋಳವಿಲ್ಲದ್ದರಿಂದ ಅದು ಹೊರಗಿನವರಿಗೆ ಜೈಲಾಗಿ ಕಾಣಲಿಲ್ಲ, ಅಷ್ಟೆ.

1929ರ ಮುಂಬಯಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯಡಿ ಧಾರವಾಡದಲ್ಲಿ ನಡೆದ ಬೋರ್ಸ್ಟಲ್ ಶಾಲೆಯ ಕತೆಯೂ ಇದರ ನೆರಳಿನಲ್ಲೇ ಬರುತ್ತದೆ. ಹರೆಯದ ಹುಡುಗರನ್ನು ಪಳಗಿದ ಕೈದಿಗಳಿಂದ ದೂರವಿಟ್ಟು ಕಸುಬು ಕಲಿಸುವ ಉದ್ದೇಶ ಒಳ್ಳೆಯದೇ. ಆದರೆ ತಿಂಗಳುಗಳ ಶಿಕ್ಷೆಯಾಗಬಹುದಾದ ತಪ್ಪಿಗೆ ತರಬೇತಿಯ ನೆಪದಲ್ಲಿ ವರ್ಷಗಳ ವಾಸ ಒದಗುತ್ತಿತ್ತು.

ಮುಂಬಯಿ ಪ್ರಾಂತ್ಯ 1949ರಲ್ಲಿ, ಇಡೀ ದೇಶ 1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಕೈಬಿಟ್ಟವು. ಬೇಲಿ ಹೋಯಿತು, ಹುಬ್ಬಳ್ಳಿಯ ಬಡಾವಣೆಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿಯಿತು. ಕಾನೂನಿನ ಬೇಲಿಯೂ ಪೂರ್ತಿ ಹೋಗಲಿಲ್ಲ: 1961ರಲ್ಲಿ ನಮ್ಮ ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆಯನ್ನು ಮಾಡಿಕೊಂಡಿತು. ಇಲ್ಲಿ ಸಮುದಾಯದ ಬದಲು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ನೋಡುತ್ತಾರೆಂಬುದು ವ್ಯತ್ಯಾಸ. ಆದರೆ ಪೊಲೀಸ್ ಠಾಣೆಯ ನೆನಪು ಕಾಯ್ದೆಯ ವ್ಯಾಖ್ಯೆಯಷ್ಟು ನಾಜೂಕಾಗಿರುವುದಿಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿನ ಜಾತಿ ಆಧಾರಿತ ಕೆಲಸ ಹಂಚಿಕೆಯನ್ನು ರದ್ದುಮಾಡುತ್ತ, ಆ ಹಳೆಯ ಕಾಯ್ದೆಯಿಂದ ಬಿಡುಗಡೆಯಾದ ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೆಂದು ಬಗೆಯುವ ಚಾಳಿಯನ್ನೂ ಖಂಡಿಸಿತು. ಬೇಲಿ ಕಿತ್ತು 70 ವರ್ಷ ಕಳೆದ ಮೇಲೆ ಬಂದ ಮಾತು ಇದು.

ಹಾಗಾದರೆ ನಿಜವಾದ ಪರ್ಯಾಯ ಯಾವುದು? ಸದ್ದಿಲ್ಲದೆ ಕಾನೂನು ಪುಸ್ತಕದಲ್ಲಿ ಕೂತಿರುವ ಪ್ರೊಬೇಷನ್ ಎಂದು ನನ್ನ ಅಭಿಪ್ರಾಯ. ಮುಂಬಯಿ ಪ್ರಾಂತ್ಯ 1938ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿತ್ತು. 1958ರಲ್ಲಿ ಕೇಂದ್ರದ ಕಾಯ್ದೆ ಬಂತು. ಅಪರಾಧ ಸಾಬೀತಾದ ಮೇಲೆ ನ್ಯಾಯಾಲಯ ಎಚ್ಚರಿಕೆ ಕೊಟ್ಟು ಬಿಡಬಹುದು, ಇಲ್ಲವೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ನೊಂದವರಿಗೆ ಪರಿಹಾರ ಕೊಡಿಸಬಹುದು. 21 ವರ್ಷದೊಳಗಿನವರಿಗೆ ಸೆರೆ ವಿಧಿಸುವುದಾದರೆ, ಆಜೀವ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಕಾರಣ ಬರೆದಿಡಬೇಕು. ಮುಚ್ಚಳಿಕೆಗೆ 3 ವರ್ಷದ ಮಿತಿಯಿದೆ. ಕೋಟುಮಚಗಿಯ ಕಲ್ಲಿನಲ್ಲಿದ್ದ ಅಳತೆಯೂ ಪಂಚರ ಮುಚ್ಚಳಿಕೆಯೂ ಇಲ್ಲಿವೆ. ಬಹಿಷ್ಕಾರವಾಗಲಿ ಬೇಲಿಯಾಗಲಿ ಇಲ್ಲ. ಹೊಸ ಸಂಹಿತೆಯ ಸಮುದಾಯ ಸೇವೆ ಇದರ ಮುಂದೆ ಬಲು ಕಿರಿದು. ಆರು ಬಗೆಯ ಅಪರಾಧಗಳಿಗೆ ಮಾತ್ರ ಅನ್ವಯ: ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ, ಮಾನಹಾನಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಮೊದಲ ಕಳವು ಇತ್ಯಾದಿ. ಕೂಲಿಯಿಲ್ಲದ ಈ ಕೆಲಸವನ್ನು ಹಳ್ಳಿಯಲ್ಲಿ ಯಾರಿಗೆ ಹಚ್ಚುತ್ತಾರೆ, ಚರಂಡಿಗೆ ಯಾರನ್ನು ಇಳಿಸುತ್ತಾರೆ ಎಂಬುದರ ಮೇಲೆ ಕಣ್ಣಿಡದಿದ್ದರೆ ಜಾತಿ ತನ್ನ ಹಳೆಯ ಹಂಚಿಕೆಯನ್ನು ಇಲ್ಲೂ ಮಾಡಿಬಿಟ್ಟೀತು.

ಇನ್ನೊಂದು ಸಂಗತಿಯಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ಲೆಕ್ಕದಲ್ಲಿ ದೇಶದ 5,73,220 ಕೈದಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರು. ಪ್ರೊಬೇಷನ್ ಆಗಲಿ ಸಮುದಾಯ ಸೇವೆಯಾಗಲಿ ಇವರನ್ನು ಮುಟ್ಟುವುದಿಲ್ಲ, ಏಕೆಂದರೆ ಇವರಿಗೆ ಶಿಕ್ಷೆಯೇ ಆಗಿಲ್ಲ. ನವಲಗುಂದದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1980ರ ರೈತ ಬಂಡಾಯದ ನಾಡಿದು. 2016ರ ಜುಲೈನಲ್ಲಿ ಮಹದಾಯಿ ನೀರಿನ ಹೋರಾಟದ ಹೊತ್ತಿನಲ್ಲಿ ಯಮನೂರಿನಲ್ಲಿ ಪೊಲೀಸರು ಲಾಠಿ ಬೀಸಿದ ಮೇಲೆ ಬಂಧಿತರಾದ ರೈತರನ್ನು ಬಳ್ಳಾರಿ, ಚಿತ್ರದುರ್ಗದ ಜೈಲುಗಳಿಗೆ ಕಳಿಸಲಾಯಿತು. ಮುಂಗಾರಿನ ಕೆಲಸ ಬಿಟ್ಟು ಮನೆಯವರು ಅಷ್ಟು ದೂರ ಅಲೆಯಬೇಕಾಯಿತು. ಸೆಟ್ಲ್‌ಮೆಂಟ್‌ನಂತೆಯೇ ಇದೂ ತೀರ್ಪಿಗೆ ಮೊದಲಿನ ಸೆರೆ.

ವಿಚಾರಣಾಧೀನರಲ್ಲಿ ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆ ಮಾಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಂ ಹೇಳುತ್ತದೆ. ಮರಣದಂಡನೆ, ಆಜೀವ ಶಿಕ್ಷೆಯ ಪ್ರಕರಣಗಳು ಇದರ ಹೊರಗೆ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಈ ಸೌಲಭ್ಯವಿಲ್ಲವೆಂಬ ಷರತ್ತೂ ಅದರಲ್ಲಿದೆ. ಹಳೆಯ ಹಾಜರಿ ಪಟ್ಟಿಗಳ ಮೊಮ್ಮಕ್ಕಳಿಗೆ, ಠಾಣೆಯವರು ಅನುಮಾನದ ಮೇಲೆ ಹಲವು ಪ್ರಕರಣ ಜಡಿಯುವ ಕಡೆಗಳಲ್ಲಿ, ಈ ಷರತ್ತು ಬಾಗಿಲು ಮುಚ್ಚುತ್ತದೆ. ಕರ್ನಾಟಕದ ವಿಧಾನಮಂಡಲ 1961ರ ಕಾಯ್ದೆಯನ್ನು ರದ್ದುಗೊಳಿಸಬೇಕು, ಸಂಸತ್ತು ಈ ಷರತ್ತನ್ನು ತೆಗೆಯಬೇಕು.